ಜೇಡದ ವಿಷ ನರತುದಿಯನ್ನು ಬರಿದು ಮಾಡುವುದು ಹೇಗೆ?

ಪ್ರಶ್ನೆ: ನರತುದಿಯಿಂದ ನರವಾಹಕ ರಾಸಾಯನಿಕ ಹೊರಬರಲು ಕ್ಯಾಲ್ಸಿಯಂ ಬೇಕೇ ಬೇಕು ಎಂದು ಪಾಠದಲ್ಲಿ ಓದಿದ್ದೇನೆ. ಆದರೆ ಬ್ಲ್ಯಾಕ್ ವಿಡೋ ಜೇಡದ ವಿಷ ಹಾಕಿದರೆ, ಸುತ್ತಲಿನ ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೂ ನರತುದಿ ಬರಿದಾಗುತ್ತದಂತೆ. ಇದು ಹೇಗೆ ಸಾಧ್ಯ? ಎಲ್ಲ ಜೇಡಗಳ ವಿಷವೂ ಹೀಗೇನಾ?

ಉತ್ತರ: ನೀವು ಓದಿದ ಎರಡೂ ಮಾತು ನಿಜ. ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಅನ್ನುವುದೇ ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಚಿಕ್ಕದಾಗಿ ಹೇಳುವುದಾದರೆ, ಈ ವಿಷ ನರತುದಿಗೆ ಹೊಸ ಕೆಲಸವನ್ನೇನೂ ಕಲಿಸುವುದಿಲ್ಲ. ನರತುದಿ ಸದಾ ಮಾಡುವ ಕೆಲಸವನ್ನೇ ಅಪ್ಪಣೆ ಇಲ್ಲದೆ, ಬಿಡುವಿಲ್ಲದೆ ಮಾಡಿಸುತ್ತದೆ. ಅದಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಕ್ಯಾಲ್ಸಿಯಂ ತೆಗೆದರೆ ಅವುಗಳಲ್ಲಿ ಕೆಲವು ಮುಚ್ಚುತ್ತವೆ. ಎಲ್ಲವೂ ಮುಚ್ಚುವುದಿಲ್ಲ.

ಮೊದಲು ವಿಷವಿಲ್ಲದ ನರತುದಿಯನ್ನು ನೋಡೋಣ. ಅದರೊಳಗೆ ಸಣ್ಣ ಸಣ್ಣ ಚೀಲಗಳು ತುಂಬಿರುತ್ತವೆ. ವೆಸಿಕಲ್ ಎಂದು ಓದಿರುತ್ತೀರಿ. ಒಂದೊಂದೂ ಸುಮಾರು 40ರಿಂದ 50 ನ್ಯಾನೊಮೀಟರ್ ಅಗಲ. ಸ್ನಾಯುವಿಗೆ ಹೋಗುವ ನರವಾದರೆ ಒಂದು ಚೀಲದಲ್ಲಿ ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಸಾವಿರಾರು ಅಣುಗಳಿರುತ್ತವೆ. ಕೆಲವು ಚೀಲಗಳು ಹೊರಪೊರೆಯ ಪಕ್ಕದಲ್ಲೇ ಸಿದ್ಧವಾಗಿ ನಿಂತಿರುತ್ತವೆ. ಚೀಲದ ಮೇಲೆ ಸಿನಾಪ್ಟೊಬ್ರೆವಿನ್ ಎಂಬ ಪ್ರೋಟೀನ್ ಇದೆ. ಹೊರಪೊರೆಯ ಮೇಲೆ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಇವೆ. ಈ ಮೂರೂ ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಹೆಣಿಗೆ ಬಿಗಿಯಾದಷ್ಟೂ ಚೀಲ ಪೊರೆಗೆ ಹತ್ತಿರವಾಗುತ್ತದೆ. ಪೂರ್ತಿ ಬಿಗಿಯಾದಾಗ ಚೀಲವೂ ಪೊರೆಯೂ ಬೆಸೆದುಕೊಂಡು, ಒಳಗಿದ್ದದ್ದು ಹೊರಗೆ ಸುರಿಯುತ್ತದೆ.

ಆ ಕೊನೆಯ ಬಿಗಿತಕ್ಕೆ ಒಂದು ಸೂಚನೆ ಬೇಕು. ನರದಲ್ಲಿ ವಿದ್ಯುತ್ ಮಿಡಿತ ಬಂದಾಗ ನರತುದಿಯ ಕ್ಯಾಲ್ಸಿಯಂ ಚಾನೆಲ್‌ಗಳು, ಅಂದರೆ ಪೊರೆಯಲ್ಲಿರುವ ಕ್ಯಾಲ್ಸಿಯಂ ಬಾಗಿಲುಗಳು, ತೆರೆಯುತ್ತವೆ. ಹೊರಗಿನ ಕ್ಯಾಲ್ಸಿಯಂ ಒಳಗಿನದ್ದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಹಾಗಾಗಿ ಚಾನೆಲ್ ತೆರೆದ ಕೂಡಲೇ ಅದು ಒಳಗೆ ನುಗ್ಗುತ್ತದೆ. ಚೀಲದ ಮೇಲಿರುವ ಸಿನಾಪ್ಟೊಟ್ಯಾಗ್ಮಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು, ಬೆಸುಗೆ ನಡೆಯುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಒಳಬಂದಾಗಿನಿಂದ ಚೀಲ ತೆರೆಯುವವರೆಗೆ ಒಂದು ಮಿಲಿಸೆಕೆಂಡೂ ಆಗುವುದಿಲ್ಲ. ನಿಮ್ಮ ಪಾಠದಲ್ಲಿರುವ 'ಕ್ಯಾಲ್ಸಿಯಂ ಬೇಕೇ ಬೇಕು' ಎಂಬ ಮಾತು ಈ ವೇಗದ, ಮಿಡಿತಕ್ಕೆ ಸರಿಯಾಗಿ ಹೊಂದುವ ಬಿಡುಗಡೆಯ ಬಗ್ಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಿಡಿತ ಇಲ್ಲದಾಗಲೂ ಆಗೊಮ್ಮೆ ಈಗೊಮ್ಮೆ ಒಂದು ಚೀಲ ತಾನಾಗಿಯೇ ಬೆಸೆದುಕೊಳ್ಳುತ್ತದೆ. ಇದನ್ನು 1950ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಜ್ ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದರು. ಸ್ನಾಯುತಂತುವಿನೊಳಗೆ ಸೂಕ್ಷ್ಮ ಗಾಜಿನ ಎಲೆಕ್ಟ್ರೋಡ್ ಇಳಿಸಿ, ವೋಲ್ಟೇಜ್ ತೋರಿಸುವ ಪರದೆ ನೋಡುತ್ತಾ ಕೂತರೆ, ನೇರ ಗೆರೆಯ ಮೇಲೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಣ್ಣ ಉಬ್ಬು ಕಾಣಿಸುತ್ತದೆ. ಎತ್ತರ ಅರ್ಧ ಮಿಲಿವೋಲ್ಟ್ ಆಸುಪಾಸು. ಆ ಒಂದು ಉಬ್ಬು ಅಂದರೆ ಒಂದು ಚೀಲ. ಚೀಲಗಳನ್ನು ಒಂದೊಂದಾಗಿ ಎಣಿಸುವ ದಾರಿ ಸಿಕ್ಕಿದ್ದು ಹೀಗೆ. ಈ ಕೆಲಸಕ್ಕೆ ಕಾಟ್ಜ್ ಅವರಿಗೆ 1970ರಲ್ಲಿ ನೊಬೆಲ್ ಬಂತು.

ಅದೇ 1970ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಂಥದ್ದೇ ಕಪ್ಪೆ ಸ್ನಾಯುವಿಗೆ ಬ್ಲ್ಯಾಕ್ ವಿಡೋ ವಿಷ ಹಾಕಿ ನೋಡಿದರು. ಪರದೆಯ ಮೇಲೆ ಏನಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ವಾದವೂ ಈ ಚಿತ್ರದ ಮೇಲೆ ನಿಂತಿದೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಉಬ್ಬುಗಳು ಹತ್ತಿರ ಹತ್ತಿರವಾಗುತ್ತವೆ. ಕೆಲವೇ ನಿಮಿಷಗಳಲ್ಲಿ ಸೆಕೆಂಡಿಗೆ ನೂರಾರು ಉಬ್ಬುಗಳು. ಒಂದರ ಮೇಲೊಂದು ಏರಿ, ಬೇರೆ ಬೇರೆಯಾಗಿ ಎಣಿಸಲೂ ಆಗುವುದಿಲ್ಲ. ಗೆರೆ ದಪ್ಪಗಾಗಿ ಒಂದೇ ಸಮ ನಡುಗುತ್ತದೆ. ನಂತರ ನಿಧಾನವಾಗಿ ಇಳಿಯುತ್ತಾ ಬಂದು, ಕೊನೆಗೆ ಪೂರ್ತಿ ನಿಲ್ಲುತ್ತದೆ. ಆಗ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೂ ಸ್ನಾಯು ಅಲುಗುವುದಿಲ್ಲ. ಆ ನರತುದಿಯನ್ನು ಕತ್ತರಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚೀಲಗಳೇ ಇಲ್ಲ! ಲಕ್ಷಗಟ್ಟಲೆ ಚೀಲಗಳು ಖಾಲಿಯಾಗಿ ಹೊರಪೊರೆಯಲ್ಲಿ ಸೇರಿಹೋಗಿರುತ್ತವೆ. ಪೊರೆ ಹಿಗ್ಗಿ ನರತುದಿ ಊದಿಕೊಂಡಿರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಉಬ್ಬುಗಳ ಸಂಖ್ಯೆ ಏರಿತೇ ಹೊರತು, ಒಂದೊಂದು ಉಬ್ಬಿನ ಗಾತ್ರ ಬದಲಾಗಲಿಲ್ಲ. ಅಂದರೆ ರಾಸಾಯನಿಕ ಪೊರೆಯ ತೂತಿನಿಂದ ಸುಮ್ನೆ ಸೋರುತ್ತಿಲ್ಲ. ಚೀಲ ಚೀಲವಾಗಿಯೇ, ನರತುದಿಯ ಸ್ವಂತ ಯಂತ್ರದ ಮೂಲಕವೇ ಹೊರಬರುತ್ತಿದೆ.

ವಿಷದೊಳಗೆ ಈ ಕೆಲಸ ಮಾಡುವ ಪ್ರೋಟೀನನ್ನು 1976ರಲ್ಲಿ ಬೇರ್ಪಡಿಸಿದರು. ಹೆಸರು ಆಲ್ಫಾ-ಲ್ಯಾಟ್ರೋಟಾಕ್ಸಿನ್. ಅಣುತೂಕ ಸುಮಾರು 1,30,000 ಡಾಲ್ಟನ್. ಹೆಚ್ಚಿನ ಜೇಡ ವಿಷಗಳು ಇದರ ಮುಂದೆ ತೀರಾ ಚಿಕ್ಕವು, ನಲವತ್ತು ಐವತ್ತು ಅಮೈನೋ ಆಮ್ಲಗಳ ತುಣುಕುಗಳು. ಈ ಜೇಡದ ವಿಷದಲ್ಲಿ ಇದೇ ಕುಟುಂಬದ ಇನ್ನೂ ಹಲವು ಪ್ರೋಟೀನುಗಳಿವೆ. ಐದು ಕೀಟಗಳಿಗೆ ಮೀಸಲು, ಒಂದು ಏಡಿ ಸೀಗಡಿಗಳ ಜಾತಿಗೆ. ಆಲ್ಫಾ ಮಾತ್ರ ಬೆನ್ನುಮೂಳೆ ಇರುವ ಪ್ರಾಣಿಗಳ ನರಗಳನ್ನು ಹಿಡಿಯುತ್ತದೆ. ಮನುಷ್ಯರಿಗೆ ತೊಂದರೆ ಕೊಡುವುದು ಇದೇ.

ಇನ್ನು ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರೋಣ.

ಆಲ್ಫಾ-ಲ್ಯಾಟ್ರೋಟಾಕ್ಸಿನ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ನಾಲ್ಕು ಅಣುಗಳು ವೃತ್ತಾಕಾರವಾಗಿ ಕೂಡಿಕೊಳ್ಳುತ್ತವೆ, ನಡುವೆ ಒಂದು ರಂಧ್ರ ಉಳಿಯುತ್ತದೆ. ಈ ನಾಲ್ವರ ಗುಂಪನ್ನು 2000ದಲ್ಲಿ ಕ್ರಯೋ-ಎಲೆಕ್ಟ್ರಾನ್ ಮೈಕ್ರೋಸ್ಕೋಪಿಯಿಂದ ಮೊದಲ ಬಾರಿಗೆ ಕಂಡರು. 2024ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ತಂಡ ಇನ್ನೂ ಸ್ಪಷ್ಟವಾದ ಚಿತ್ರ ಕೊಟ್ಟಿತು. ಪೊರೆಯನ್ನು ತಲುಪಿದ ಮೇಲೆ ಈ ಗುಂಪು ತನ್ನ ಆಕಾರವನ್ನೇ ಬದಲಿಸುತ್ತದೆ. ನಾಲ್ಕೂ ಅಣುಗಳ ಒಂದು ಭಾಗ ಒಟ್ಟುಗೂಡಿ ಉದ್ದನೆಯ ಕಾಂಡವಾಗಿ ಪೊರೆಯನ್ನು ತೂರಿ ಒಳಗೆ ಹೋಗುತ್ತದೆ. ಅಲ್ಲಿಗೆ ನರತುದಿಯ ಪೊರೆಯಲ್ಲಿ, ನರದ ಹತೋಟಿಗೆ ಸಿಗದ ಒಂದು ಹೊಸ ಚಾನೆಲ್ ಸಿದ್ಧ. ಮಿಡಿತ ಬಂದರೂ ಬರದಿದ್ದರೂ ಅದರ ಮೂಲಕ ಕ್ಯಾಲ್ಸಿಯಂ, ಸೋಡಿಯಂ ಮುಂತಾದ ಧನ ಅಯಾನುಗಳು ಒಳಗೆ ಬರುತ್ತಲೇ ಇರುತ್ತವೆ.

ಹೊರಗೆ ಕ್ಯಾಲ್ಸಿಯಂ ಇದ್ದರೆ ಮುಂದಿನದ್ದು ಸುಲಭ. ಅದು ಒಳಗೆ ಬರುತ್ತದೆ, ಸಿನಾಪ್ಟೊಟ್ಯಾಗ್ಮಿನ್ ಅದನ್ನು ಹಿಡಿಯುತ್ತದೆ, ಚೀಲಗಳು ತೆರೆಯುತ್ತವೆ. ದೇಹದೊಳಗೆ ಕಚ್ಚಿಸಿಕೊಂಡಾಗ ಆಗುವುದರಲ್ಲಿ ದೊಡ್ಡ ಪಾಲು ಇದೇ ಎಂದು ನನ್ನ ಅಭಿಪ್ರಾಯ. ನಮ್ಮ ದೇಹದ್ರವದಲ್ಲಿ ಕ್ಯಾಲ್ಸಿಯಂಗೆ ಕೊರತೆ ಇಲ್ಲವಲ್ಲ.

ಕ್ಯಾಲ್ಸಿಯಂ ತೆಗೆದರೆ? ಇಲ್ಲಿ ಪ್ರಯೋಗದ ದ್ರಾವಣದಲ್ಲಿ ಇನ್ನೇನಿತ್ತು ಅಂತ ಕೇಳಬೇಕು. ನರವಿಜ್ಞಾನದ ಪ್ರಯೋಗಗಳಲ್ಲಿ ಕ್ಯಾಲ್ಸಿಯಂ ತೆಗೆದಾಗ ಆ ಜಾಗಕ್ಕೆ ಮೆಗ್ನೀಸಿಯಂ ಹಾಕುವುದು ಹಳೆಯ ರೂಢಿ. ಸಾಮಾನ್ಯವಾಗಿ ಮೆಗ್ನೀಸಿಯಂ ಬಿಡುಗಡೆಯನ್ನು ತಡೆಯುತ್ತದೆ, ಹಾಗಾಗಿ ನರತುದಿಯನ್ನು ಸುಮ್ಮನಿರಿಸಲು ಇದು ಒಳ್ಳೆಯ ಉಪಾಯ. ಆದರೆ ಲ್ಯಾಟ್ರೋಟಾಕ್ಸಿನ್‌ನ ನಾಲ್ಕು ಅಣುಗಳು ಒಟ್ಟುಗೂಡಲು ಎರಡು ಧನಾವೇಶದ ಒಂದು ಅಯಾನು ಸಾಕು. ಕ್ಯಾಲ್ಸಿಯಮ್ಮೇ ಆಗಬೇಕೆಂದಿಲ್ಲ, ಮೆಗ್ನೀಸಿಯಂ ಆದರೂ ನಡೆಯುತ್ತದೆ. ಅಂದರೆ ಬಿಡುಗಡೆ ನಿಲ್ಲಿಸಲು ಹಾಕಿದ ಮೆಗ್ನೀಸಿಯಂ, ವಿಷದ ಕೈಗೆ ಬೇಕಾದ ಸಾಮಗ್ರಿಯನ್ನೇ ಕೊಟ್ಟಂತಾಯಿತು. 1979ರಲ್ಲಿ ಕಪ್ಪೆಯ ಸ್ನಾಯುವಿನಲ್ಲೇ ಇದನ್ನು ತೋರಿಸಿದರು. ಕ್ಯಾಲ್ಸಿಯಂ ಇಲ್ಲದೆ ಮೆಗ್ನೀಸಿಯಂ ಇದ್ದರೆ ವಿಷ ಕೆಲಸ ಮಾಡಿತು. ಎರಡನ್ನೂ ತೆಗೆದುಹಾಕಿದಾಗ ಅದರ ಪರಿಣಾಮ ಅಡಗಿತು. ನೀವು ಓದಿದ ಪ್ರಯೋಗದಲ್ಲೂ ದ್ರಾವಣದ ಪಟ್ಟಿಯನ್ನು ಒಮ್ಮೆ ನೋಡಿ, ಮೆಗ್ನೀಸಿಯಂ ಇದ್ದೇ ಇರುತ್ತದೆ ಅಂತ ನನಗೆ ಬಲವಾದ ಅನುಮಾನ.

ವಿಷ ನರತುದಿಯನ್ನೇ ಹುಡುಕಿಕೊಂಡು ಹೋಗುವುದು ಹೇಗೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿದೆ. ಅದಕ್ಕೆ ನರತುದಿಯ ಮೇಲೆ ಹಿಡಿದುಕೊಳ್ಳಲು ಗ್ರಾಹಕಗಳು ಬೇಕು. ಮೊದಲನೆಯದು 1992ರಲ್ಲಿ ಸಿಕ್ಕಿತು, ನ್ಯೂರೆಕ್ಸಿನ್. ಇದನ್ನು ಕಂಡುಹಿಡಿದ ತಂಡದ ಥಾಮಸ್ ಸುಡ್ಹಾಫ್ ಅವರಿಗೆ, ಚೀಲಗಳ ಬೆಸುಗೆಯ ಕುರಿತ ಕೆಲಸಕ್ಕಾಗಿ 2013ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನ್ಯೂರೆಕ್ಸಿನ್‌ಗೆ ವಿಷ ಅಂಟಬೇಕಾದರೆ ಕ್ಯಾಲ್ಸಿಯಂ ಬೇಕು. ಆದರೆ ಕ್ಯಾಲ್ಸಿಯಂ ಇಲ್ಲದಿದ್ದರೂ ವಿಷ ನರತುದಿಗೆ ಅಂಟುತ್ತಿತ್ತು. ಹಾಗಾದರೆ ಇನ್ನೊಂದು ಗ್ರಾಹಕ ಇರಲೇಬೇಕು, ಅಲ್ವಾ? ಅದನ್ನು ಹುಡುಕಿದಾಗ 1990ರ ದಶಕದ ಕೊನೆಯ ಹೊತ್ತಿಗೆ ಸಿಕ್ಕಿದ್ದು ಲ್ಯಾಟ್ರೋಫಿಲಿನ್. ಇದಕ್ಕೆ ಕ್ಯಾಲ್ಸಿಯಂ ಹಂಗಿಲ್ಲ. ಮುಂದೆ ನೋಡಿದರೆ ಈ ಎರಡೂ ಪ್ರೋಟೀನುಗಳು ಒಂದು ನರಕೋಶ ಇನ್ನೊಂದನ್ನು ಗುರುತಿಸಿ ಸಿನಾಪ್ಸ್ (ನರಕೋಶಗಳ ನಡುವಿನ ಸಂಧಿ) ಕಟ್ಟಿಕೊಳ್ಳಲು ಬಳಸುವಂಥವು. ನ್ಯೂರೆಕ್ಸಿನ್ ಜೀನಿನ ದೋಷಗಳಿಗೂ ಆಟಿಸಮ್ಮಿಗೂ ನಂಟಿದೆ ಎಂದು ಈಗ ಗೊತ್ತಾಗಿದೆ. ಒಂದು ಜೇಡದ ವಿಷದ ಜಾಡು ಹಿಡಿದು ಹೋದವರಿಗೆ ಮೆದುಳು ಕಟ್ಟುವ ಪ್ರೋಟೀನುಗಳು ಸಿಕ್ಕವು. ಈ ಕಾರಣಕ್ಕೇ ವಿಷಗಳ ಅಧ್ಯಯನ ನನಗೆ ಅಷ್ಟು ಮುಖ್ಯ ಅನ್ನಿಸುವುದು.

ಗ್ರಾಹಕಗಳು ಮುಖ್ಯವಾಗಿ ವಿಷವನ್ನು ಸರಿಯಾದ ಜಾಗಕ್ಕೆ ಎಳೆದು ಹಿಡಿದಿಡುತ್ತವೆ. ರಂಧ್ರ ಮಾಡುವ ಶಕ್ತಿ ವಿಷಕ್ಕೇ ಇದೆ. ಯಾವ ಗ್ರಾಹಕವೂ ಇಲ್ಲದ ಕೃತಕ ಕೊಬ್ಬಿನ ಪೊರೆಯಲ್ಲೂ ಅದು ಚಾನೆಲ್ ಮಾಡುತ್ತದೆ ಎಂದು 1976ರಲ್ಲೇ ತೋರಿಸಿದ್ದರು. ಹಾಗೆಯೇ, ನರಕ್ಕೆ ಸಂಬಂಧವೇ ಇಲ್ಲದ ಕೋಶಗಳಿಗೆ ಈ ಗ್ರಾಹಕಗಳ ಜೀನ್ ಹಾಕಿದರೆ ಆ ಕೋಶಗಳಲ್ಲೂ ರಂಧ್ರಗಳಾಗುತ್ತವೆ.

ಸರಿ, ಕ್ಯಾಲ್ಸಿಯಂ ಇಲ್ಲದೆ ವಿಷ ಅಂಟಿತು, ರಂಧ್ರವೂ ಆಯಿತು. ಆದರೆ ಒಳಬರಲು ಕ್ಯಾಲ್ಸಿಯಮ್ಮೇ ಇಲ್ಲ. ಚೀಲಗಳು ತೆರೆಯುವುದು ಹೇಗೆ? ಇದರ ಬಗ್ಗೆ ಈ ಕ್ಷೇತ್ರದಲ್ಲಿ ಇನ್ನೂ ಒಮ್ಮತವಿಲ್ಲ. ಒಂದು ವಾದದ ಪ್ರಕಾರ ರಂಧ್ರದಿಂದ ಸೋಡಿಯಂ ಒಳಗೆ ನುಗ್ಗುತ್ತದೆ, ಅದರಿಂದ ಮೈಟೊಕಾಂಡ್ರಿಯಾದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಬರುತ್ತದೆ. ಅಂದರೆ ಹೊರಗಿನದ್ದು ಇಲ್ಲದಿದ್ದರೆ ಮನೆಯೊಳಗಿನ ದಾಸ್ತಾನೇ ಖರ್ಚಾಗುತ್ತದೆ. ಇನ್ನೊಂದು ವಾದ, ಪೊರೆಯೊಳಗೆ ಹೊಕ್ಕ ವಿಷ ಬೆಸುಗೆಯ ಯಂತ್ರವನ್ನೇ ಹೇಗೋ ನೇರವಾಗಿ ಪ್ರಚೋದಿಸುತ್ತದೆ ಎನ್ನುತ್ತದೆ. 1994ರ ಒಂದು ಪ್ರಯೋಗ ಇಲ್ಲಿ ಬಹಳ ತೂಕದ್ದು. ಸಿನಾಪ್ಟೊಟ್ಯಾಗ್ಮಿನ್-1 ಇಲ್ಲದ ಇಲಿಗಳ ನರಕೋಶಗಳಲ್ಲಿ ಮಿಡಿತಕ್ಕೆ ತಕ್ಕಂತೆ ಆಗುವ ವೇಗದ ಬಿಡುಗಡೆ ಹೆಚ್ಚುಕಡಿಮೆ ಸತ್ತುಹೋಗಿತ್ತು. ಆದರೆ ಲ್ಯಾಟ್ರೋಟಾಕ್ಸಿನ್ ಹಾಕಿದರೆ ಬಿಡುಗಡೆ ಎಂದಿನಂತೆ ಆಯಿತು. ಕ್ಯಾಲ್ಸಿಯಮ್ಮನ್ನು ಹಿಡಿಯುವ ಆ ಮುಖ್ಯ ಪ್ರೋಟೀನೇ ಇಲ್ಲದಿದ್ದರೂ ಚೀಲ ಬೆಸೆದುಕೊಳ್ಳಬಲ್ಲದು ಎಂದಾಯಿತು. ಮೇಲೆ ನೆನಪಿಟ್ಟುಕೊಳ್ಳಿ ಎಂದಿದ್ದು ಇದಕ್ಕೇ. ಕ್ಯಾಲ್ಸಿಯಂ ಬಿಡುಗಡೆಗೆ ಹೊತ್ತು ಗೊತ್ತು ಮಾಡುತ್ತದೆ, ವೇಗ ಕೊಡುತ್ತದೆ. ಬೆಸುಗೆ ಹಾಕುವುದು ಸ್ನ್ಯಾಪ್-25 ಮತ್ತು ಅದರ ಜೊತೆಗಾರರು.

ಎಲ್ಲ ನರವಾಹಕಗಳೂ ಈ ಕ್ಯಾಲ್ಸಿಯಂ ಇಲ್ಲದ ದಾರಿಯಲ್ಲಿ ಬರುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಮೆದುಳಿನ ನರತುದಿಗಳಲ್ಲಿ ಗ್ಲುಟಮೇಟ್, ಗಾಬಾ ಎರಡೂ ಕ್ಯಾಲ್ಸಿಯಂ ಇಲ್ಲದೆಯೂ ಹೊರಬರುತ್ತವೆ. ನಾರ್‌ಅಡ್ರಿನಲಿನ್, ಡೋಪಮೈನ್ ಮಾತ್ರ ಕ್ಯಾಲ್ಸಿಯಂ ಇದ್ದರೇ ಬರುತ್ತವೆ. ಹಾಗಾಗಿ 'ಲ್ಯಾಟ್ರೋಟಾಕ್ಸಿನ್‌ಗೆ ಕ್ಯಾಲ್ಸಿಯಂ ಬೇಕಾ ಬೇಡವಾ' ಎಂದು ಯಾರಾದರೂ ಕೇಳಿದರೆ, ಯಾವ ನರ, ಯಾವ ನರವಾಹಕ ಎಂದು ಮೊದಲು ತಿರುಗಿ ಕೇಳಿ. ಹಳೆಯ ಪ್ರಬಂಧಗಳು ಒಂದಕ್ಕೊಂದು ವಿರುದ್ಧ ಮಾತಾಡುವಂತೆ ಕಾಣುವುದಕ್ಕೆ ಅರ್ಧ ಕಾರಣ ಇದೇ.

ಇನ್ನೊಂದು ದಾರಿ ಉಳಿದಿದೆ. 1998ರಲ್ಲಿ ಈ ವಿಷದ ಒಂದು ಬದಲಿ ರೂಪ ತಯಾರಾಯಿತು. ಸರಪಳಿಯ ನಡುವೆ ನಾಲ್ಕೇ ನಾಲ್ಕು ಅಮೈನೋ ಆಮ್ಲ ಸೇರಿಸಿದ್ದರು. ಇದು ಗ್ರಾಹಕಗಳಿಗೆ ಚೆನ್ನಾಗಿ ಅಂಟುತ್ತದೆ, ಆದರೆ ನಾಲ್ಕು ಅಣು ಕೂಡಿಕೊಳ್ಳುವುದಿಲ್ಲ, ರಂಧ್ರ ಮಾಡುವುದಿಲ್ಲ. ಇದು ನಿಷ್ಕ್ರಿಯ ಎಂದೇ ಮೊದಲಿಗೆ ತೋರಿತ್ತು. ಆಮೇಲೆ ನೋಡಿದರೆ, ಹೊರಗೆ ಕ್ಯಾಲ್ಸಿಯಂ ಇದ್ದರೆ ಇದೂ ಬಿಡುಗಡೆ ಮಾಡಿಸುತ್ತದೆ. ತಕ್ಷಣ ಅಲ್ಲ, ಕೆಲವು ನಿಮಿಷ ತಡವಾಗಿ, ಒಂದು ಗುಂಪು ಉಬ್ಬು, ಸ್ವಲ್ಪ ಬಿಡುವು, ಮತ್ತೊಂದು ಗುಂಪು ಎಂಬ ಹಾಗೆ. ಇಲ್ಲಿ ಲ್ಯಾಟ್ರೋಫಿಲಿನ್ ಬರೀ ಹಿಡಿಕೆಯಲ್ಲ. ಅದು ಜಿ-ಪ್ರೋಟೀನ್ ಎಂಬ ಸಂದೇಶವಾಹಕ ಪ್ರೋಟೀನಿನ ಮೂಲಕ ಕೋಶದೊಳಗೆ ಸಂಕೇತ ಕಳಿಸಿ, ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ರಂಧ್ರದ ಗದ್ದಲದಲ್ಲಿ ಈ ಮೆಲ್ಲನೆಯ ದಾರಿ ಕಾಣದೇ ಹೋಗಿತ್ತು. ನಾಲ್ಕು ಅಮೈನೋ ಆಮ್ಲ ಸೇರಿಸಿ ರಂಧ್ರವನ್ನು ಅಳಿಸಿದ ಮೇಲೆ ಅದು ಹೊರಬಿತ್ತು. ತುಂಬಾ ಅಂದವಾದ ಪ್ರಯೋಗ ಇದು.

ಮನುಷ್ಯರ ದೇಹದಲ್ಲಿ ಏನಾಗುತ್ತದೆ ಎಂದು ನೀವು ಕೇಳಿಲ್ಲ. ಆದರೆ ಮೇಲಿನದ್ದು ಅರ್ಥವಾದರೆ ಲಕ್ಷಣಗಳನ್ನು ನೀವೇ ಊಹಿಸಬಹುದು. ಸ್ನಾಯುವಿನ ನರತುದಿಗಳಲ್ಲಿ ಅಸಿಟೈಲ್‌ಕೋಲಿನ್ ಸುರಿದರೆ ಸ್ನಾಯು ಸೆಟೆದುಕೊಳ್ಳುತ್ತದೆ. ಹೊಟ್ಟೆಯ ಸ್ನಾಯುಗಳು ಎಷ್ಟು ಗಟ್ಟಿಯಾಗುತ್ತವೆಂದರೆ ಶಸ್ತ್ರಚಿಕಿತ್ಸೆ ಬೇಕಾದ ಹೊಟ್ಟೆನೋವು ಎಂದು ತಪ್ಪು ತಿಳಿಯುವುದುಂಟು. ಬೆವರುಗ್ರಂಥಿಗಳ ನರ ಕೆರಳಿ ಮೈಯೆಲ್ಲ ಬೆವರು. ನಾರ್‌ಅಡ್ರಿನಲಿನ್ ಬಿಡುಗಡೆಯಾಗಿ ರಕ್ತದೊತ್ತಡ ಏರುತ್ತದೆ. 1933ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಅಲನ್ ಬ್ಲೇರ್ ಈ ಜೇಡದಿಂದ ತಮ್ಮ ಬೆರಳಿಗೆ ಹತ್ತು ಸೆಕೆಂಡು ಕಚ್ಚಿಸಿಕೊಂಡು ಎಲ್ಲವನ್ನೂ ದಾಖಲಿಸಿದರು. ನೋವು ಕೈಯಿಂದ ಎದೆಗೆ, ಹೊಟ್ಟೆಗೆ, ಕಾಲಿಗೆ ಹರಡಿ ಅವರು ಆಸ್ಪತ್ರೆ ಸೇರಬೇಕಾಯಿತು. ಯಾರೂ ಮಾಡಬಾರದ ಪ್ರಯೋಗ. ಆದರೆ ಮೆದುಳಿಗೆ ನೇರವಾಗಿ ಏನೂ ಆಗುವುದಿಲ್ಲ, ಇಷ್ಟು ದೊಡ್ಡ ಪ್ರೋಟೀನ್ ರಕ್ತದಿಂದ ಮೆದುಳಿಗೆ ದಾಟಲಾರದು.

ಹೆಚ್ಚಿನವರು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಸಾವು ಅಪರೂಪ. ನರತುದಿಗಳು ನಾಶವಾದರೂ ನರಕೋಶ ಸಾಯುವುದಿಲ್ಲ. ಇಲಿಯ ಸ್ನಾಯುವಿನಲ್ಲಿ ನೋಡಿದರೆ ವಿಷ ತಗುಲಿದ ನರತುದಿ ಕೆಲವು ಗಂಟೆಗಳಲ್ಲಿ ಚೂರಾಗುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ಕಚ್ಚಿಸಿಕೊಂಡವರಿಗೆ ಆಸ್ಪತ್ರೆಯೇ ದಾರಿ. ಅಲ್ಲಿ ನೋವು ತಗ್ಗಿಸುವ ಔಷಧಿ ಮುಖ್ಯ, ವೈದ್ಯರು ನೋಡಿ ಪ್ರತಿವಿಷ ಕೊಡುವುದೂ ಇದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇಲ್ಲ, ಎಲ್ಲ ಜೇಡಗಳ ವಿಷವೂ ಹೀಗಲ್ಲ. ಆಸ್ಟ್ರೇಲಿಯಾದ ಸಿಡ್ನಿ ಫನೆಲ್-ವೆಬ್ ಜೇಡವನ್ನೇ ನೋಡಿ. ಅದರ ವಿಷದಿಂದಲೂ ನರವಾಹಕ ಧಾರಾಳವಾಗಿ ಸುರಿಯುತ್ತದೆ, ಲಕ್ಷಣಗಳೂ ಕೆಲವು ಹಾಗೇ ಕಾಣುತ್ತವೆ. ಆದರೆ ದಾರಿ ಬೇರೆ. ಅದರ ಡೆಲ್ಟಾ-ಹೆಕ್ಸಾಟಾಕ್ಸಿನ್ 42 ಅಮೈನೋ ಆಮ್ಲಗಳ ಪುಟ್ಟ ತುಣುಕು. ಅದು ರಂಧ್ರ ಮಾಡುವುದಿಲ್ಲ. ನರದ ಸೋಡಿಯಂ ಚಾನೆಲ್ ತೆರೆದ ಮೇಲೆ ಸರಿಯಾಗಿ ಮುಚ್ಚದಂತೆ ತಡೆಯುತ್ತದೆ. ನರದಲ್ಲಿ ಮಿಡಿತದ ಮೇಲೆ ಮಿಡಿತ ಹುಟ್ಟುತ್ತದೆ, ಪ್ರತಿ ಮಿಡಿತಕ್ಕೂ ನರತುದಿ ತನ್ನ ಮಾಮೂಲು ಕ್ರಮದಲ್ಲೇ ಚೀಲ ತೆರೆಯುತ್ತದೆ. ಇದು ಬ್ಲ್ಯಾಕ್ ವಿಡೋಗಿಂತ ಹೆಚ್ಚು ಅಪಾಯದ್ದು. 1981ರಲ್ಲಿ ಪ್ರತಿವಿಷ ಬಂದ ಮೇಲೆ ಈ ಜೇಡದಿಂದ ಸಾವು ದಾಖಲಾಗಿಲ್ಲ. ಬ್ರೆಜಿಲ್ಲಿನ ಫೊನ್ಯೂಟ್ರಿಯಾ ಜೇಡದ ಕೆಲವು ವಿಷಗಳೂ ಸೋಡಿಯಂ ಚಾನೆಲ್ಲನ್ನೇ ಹಿಡಿಯುತ್ತವೆ. ಪೂರ್ತಿ ಉಲ್ಟಾ ಕೆಲಸ ಮಾಡುವವೂ ಇವೆ. ಅಜೆಲೆನಾಪ್ಸಿಸ್ ಜೇಡದ ಒಮೆಗಾ-ಅಗಾಟಾಕ್ಸಿನ್ ನರತುದಿಯ ಕ್ಯಾಲ್ಸಿಯಂ ಚಾನೆಲ್ಲನ್ನು ಮುಚ್ಚಿ ಬಿಡುಗಡೆಯನ್ನೇ ನಿಲ್ಲಿಸುತ್ತದೆ.

ಪ್ರಯೋಗಾಲಯದಲ್ಲಿ ಈ ದಾರಿಗಳನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಸ್ನಾಯುವಿಗೆ ಮೊದಲು ಟೆಟ್ರೊಡೊಟಾಕ್ಸಿನ್ ಎಂಬ ಇನ್ನೊಂದು ವಿಷ ಹಾಕಿ. ಅದು ಸೋಡಿಯಂ ಚಾನೆಲ್ ಮುಚ್ಚುವುದರಿಂದ ನರದಲ್ಲಿ ಮಿಡಿತವೇ ಹುಟ್ಟುವುದಿಲ್ಲ. ಆಮೇಲೆ ಫನೆಲ್-ವೆಬ್ ವಿಷ ಹಾಕಿದರೆ ಪರದೆಯ ಮೇಲೆ ಅಂಥ ಬದಲಾವಣೆ ಕಾಣದು. ಬ್ಲ್ಯಾಕ್ ವಿಡೋ ವಿಷ ಹಾಕಿದರೆ ಉಬ್ಬುಗಳು ಏರುತ್ತವೆ. ಒಮೆಗಾ-ಅಗಾಟಾಕ್ಸಿನ್ನಿನಿಂದ ನರದ ಸ್ವಂತ ಕ್ಯಾಲ್ಸಿಯಂ ಚಾನೆಲ್‌ಗಳನ್ನು ಮುಚ್ಚಿದರೂ ಅಷ್ಟೇ, ಏರುವುದು ನಿಲ್ಲುವುದಿಲ್ಲ, ಯಾಕೆಂದರೆ ಲ್ಯಾಟ್ರೋಟಾಕ್ಸಿನ್‌ಗೆ ತನ್ನದೇ ರಂಧ್ರವಿದೆ. ಅದನ್ನು ತಡೆಯಬೇಕಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಹಾಕಿ, ನಾಲ್ಕು ಅಣು ಕೂಡದಂತೆ ಮಾಡಬೇಕು.